ಮಗು ಒಪ್ಪಿಸುತ್ತಿದೆಯೋ, ಮಾತಾಡುತ್ತಿದೆಯೋ?

(ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆಗಳಿಗೆ ಮುಂಚೆ ಕರೆದಿದ್ದ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಎಲ್ಲರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನನಗೆ ಕೊಟ್ಟ ಸಮಯದ ಕಾಲು ಭಾಗ ಹೋಗಿರುತ್ತದೆ. ಅದಕ್ಕೇ ಬಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳಿಗೆ ಮಾತ್ರ ನಾವು ಈ ರಿಯಾಯಿತಿ ಕೊಡುವುದಿಲ್ಲ. ಅವರಿಗೆ ಸಿಗುವುದೇ ನಾಲ್ಕೈದು ನಿಮಿಷ. ಅದರಲ್ಲಿ ಮುಕ್ಕಾಲು ನಿಮಿಷ "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಮಾನ್ಯರೇ, ನಿಷ್ಪಕ್ಷಪಾತ ತೀರ್ಪು ನೀಡಲು ಆಗಮಿಸಿರುವ ತೀರ್ಪುಗಾರರೇ, ನನ್ನ ನೆಚ್ಚಿನ ಗುರುವೃಂದದವರೇ, ಸಹಪಾಠಿ ಮಿತ್ರರೇ" ಅಂತ ಹೋಗುತ್ತದೆ. ಎಷ್ಟೋ ಸಲ ವೇದಿಕೆ ಅಂದರೆ ಒಂದು ಕ್ಲಾಸ್‌ರೂಮು. ಗಣ್ಯಮಾನ್ಯರು ಅಂದರೆ ಬೆಂಚಿನ ಮೇಲೆ ಕೂತ ನಾವು ಮೂವರು. ತೀರ್ಪು ಬರುವ ಮೊದಲೇ ನಾವು ನಿಷ್ಪಕ್ಷಪಾತಿಗಳು ಅಂತ ಮಗು ಸರ್ಟಿಫಿಕೇಟ್ ಕೊಟ್ಟುಬಿಟ್ಟಿರುತ್ತದೆ!

ಹಲವು ವರ್ಷಗಳಿಂದ ನಾನು ಈ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಹೋಗುತ್ತಿದ್ದೇನೆ. ಪ್ರತಿಭಾ ಕಾರಂಜಿ, ಗಾಂಧಿ ಜಯಂತಿ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಜನವರಿ 12ರ ವಿವೇಕಾನಂದ ಜಯಂತಿ, ಹೀಗೆ ವರ್ಷವಿಡೀ ಏನಾದರೊಂದು ಇದ್ದೇ ಇರುತ್ತದೆ. ಇಷ್ಟೆಲ್ಲ ಕೇಳಿದ ಮೇಲೆ ನನಗೆ ಅನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಎರಡು ಕಂಠಪಾಠ ಸ್ಪರ್ಧೆ ನಡೆಸುತ್ತಿದ್ದೇವೆ. ಒಂದಕ್ಕೆ ಕಂಠಪಾಠ ಅಂತಲೇ ಹೆಸರಿದೆ. ಇನ್ನೊಂದಕ್ಕೆ ಭಾಷಣ ಅಂತ ಹೆಸರಿಟ್ಟಿದ್ದೇವೆ.

ಕಂಠಪಾಠದ ಮೇಲೆ ನನಗೆ ತಕರಾರಿಲ್ಲ. ಅದು ಪ್ರಾಮಾಣಿಕ ಸ್ಪರ್ಧೆ. ಪದ್ಯ ಯಾರದು ಅಂತ ಎಲ್ಲರಿಗೂ ಗೊತ್ತು, ಮಗು ಅದನ್ನು ತಪ್ಪಿಲ್ಲದೆ, ಚೆಂದವಾಗಿ ಹೇಳಬೇಕು, ಅಷ್ಟೇ. ಗಮಕಿಗಳು, ಹರಿಕಥೆ ದಾಸರು ಇದ್ದ ನಾಡು ನಮ್ಮದು. ಸಾಲು ಸಾಲು ಪದ್ಯ ನಾಲಿಗೆಯ ಮೇಲಿರುವುದು ಕಡಿಮೆ ವಿದ್ಯೆ ಏನಲ್ಲ. ಆದರೆ ಭಾಷಣ ಬೇರೆ. ಅದು ಮಗುವಿನ ಮಾತಾಗಿರಬೇಕು. ಈಗ ಅದು ಯಾರ ಮಾತು? ಮೇಷ್ಟ್ರದ್ದು, ಅಪ್ಪನದ್ದು, ಟ್ಯೂಷನ್ ಮಿಸ್ಸಿನದು, ಇತ್ತೀಚೆಗೆ ಜಾಸ್ತಿ ಯೂಟ್ಯೂಬಿನದು. ಪರಿಸರ ದಿನದ ಒಂದು ಸ್ಪರ್ಧೆಯಲ್ಲಿ ಮೂರ್ನಾಲ್ಕು ಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದು ಅದೇ ಭಾಷಣ ಒಪ್ಪಿಸಿದರು. ಅದೇ ವಚನ, ಅದೇ ಅಂಕಿ ಅಂಶ, ಕೊನೆಗೆ ಅದೇ ಪ್ರಾಸ. ಬೇರೆ ಬೇರೆ ಊರಿನ ಮಕ್ಕಳು, ಎಲ್ಲರಿಗೂ ಸಿಕ್ಕಿದ್ದು ಒಂದೇ ವಾಟ್ಸಾಪ್ ಸಂದೇಶ. ಮೂರನೆಯ ಹುಡುಗಿಗೆ ಅದು ಗೊತ್ತಾಯಿತು. ಸರದಿಗೆ ಕಾಯುತ್ತಾ ಕೂತವಳ ಮುಖ ಇಳಿದುಹೋಯಿತು. ಆದರೂ ಎದ್ದು ಬಂದು ಹೇಳಿದಳು. ಬೇರೇನು ಮಾಡಬೇಕಿತ್ತು ಪಾಪ?

ಬಾಯಿಪಾಠದ ಭಾಷಣದ ದೊಡ್ಡ ಕಷ್ಟ ಗೊತ್ತಾಗುವುದು ಮಗು ಮಧ್ಯದಲ್ಲಿ ಮರೆತಾಗ. ಒಬ್ಬ ಹುಡುಗನನ್ನು ಈಗಲೂ ನೆನೆಯುತ್ತೇನೆ. ಆರನೆಯ ಕ್ಲಾಸಿರಬೇಕು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ. ಎಡಗೈ ಚಡ್ಡಿಯ ಹೊಲಿಗೆಯನ್ನು ಉಜ್ಜುತ್ತಲೇ ಇತ್ತು. ಬಲಗೈ ಮಾತ್ರ ಹೇಳಿಕೊಟ್ಟ ಹಾಗೆ ಕೆಲಸ ಮಾಡುತ್ತಿತ್ತು. "ಹಿಮಾಲಯ" ಅಂದಾಗ ಮೇಲಕ್ಕೆ, "ಕನ್ಯಾಕುಮಾರಿ" ಅಂದಾಗ ಕೆಳಕ್ಕೆ. ಎರಡನೆಯ ನಿಮಿಷದಲ್ಲಿ ಒಂದು ಸಾಲು ತಪ್ಪಿತು. ಹುಡುಗ ನಿಂತ. ಕಿಟಕಿಯಾಚೆ ಅವರ ಶಾಲೆಯ ಟೀಚರು ತುಟಿ ಆಡಿಸುತ್ತಿದ್ದರು, ಇವನಿಗೆ ಕಾಣಲಿಲ್ಲ. ಒಂದು ಕ್ಷಣ ಬಿಟ್ಟು, ಕ್ಯಾಸೆಟ್ ಹಿಂದಕ್ಕೆ ಸುತ್ತಿದ ಹಾಗೆ "ವೇದಿಕೆಯ ಮೇಲೆ ಆಸೀನರಾಗಿರುವ" ಅಂತ ಮತ್ತೆ ಶುರುಮಾಡಿದ. ಅದೇ ಜಾಗಕ್ಕೆ ಬಂದ, ಅಲ್ಲೇ ಮತ್ತೆ ನಿಂತ. ಕೈ ಮಾತ್ರ ಮುಂದಿನ ಸಾಲಿಗೆ ಆಗಲೇ ಮೇಲೆ ಹೋಗಿತ್ತು.

ಅವನಿಗೆ ವಿಷಯ ಗೊತ್ತಿರಲಿಲ್ಲವೇ? ಆಮೇಲೆ ಹೊರಗೆ ಜಗುಲಿಯಲ್ಲಿ ಮಾತಾಡಿಸಿದೆ. ವಿಷಯ ನೀರಿನ ಮಿತಬಳಕೆ. ಅವರ ಮನೆಯ ಬೋರ್‌ವೆಲ್ ಬತ್ತಿದ್ದು, ಪಕ್ಕದ ತೋಟದವರು ಇನ್ನೂ ಆಳಕ್ಕೆ ಕೊರೆಸಿದ್ದು, ಅವರ ಅವ್ವ ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದು ನೀರು ಹಿಡಿಯುತ್ತಾಳೆ ಅನ್ನುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕೈ ತಾನಾಗಿಯೇ ಆಡುತ್ತಿತ್ತು. ಇದನ್ನೇ ಒಳಗೆ ಯಾಕೆ ಹೇಳಲಿಲ್ಲ ಅಂದೆ. "ಅದು ಭಾಷಣದಲ್ಲಿ ಇರ್ಲಿಲ್ಲ ಸರ್" ಅಂದ.

ಜನವರಿ 12ಕ್ಕೆ ಮಕ್ಕಳು ವಿವೇಕಾನಂದರ ಷಿಕಾಗೊ ಭಾಷಣ ಹೇಳುತ್ತಾರೆ. 1893ರ ಸೆಪ್ಟೆಂಬರ್ 11. ರುಮಾಲು ಕಟ್ಟಿಕೊಂಡು, ಕೈಕಟ್ಟಿ ನಿಂತು ಹೇಳುವುದನ್ನು ನೋಡುವುದೇ ಚೆಂದ. ಆದರೆ ಆ ದಿನದ ಬಗ್ಗೆ ವಿವೇಕಾನಂದರೇ ಬರೆದ ಒಂದು ಪತ್ರವಿದೆ. ಅದನ್ನು ಯಾವ ಮಗುವಿಗೂ ಯಾರೂ ಹೇಳಿದ ಹಾಗೆ ಕಾಣೆ. ಪತ್ರ ಬರೆದದ್ದು ಅಳಸಿಂಗ ಪೆರುಮಾಳ್ ಅವರಿಗೆ. ಅಳಸಿಂಗರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ, ಮದರಾಸಿನಲ್ಲಿ ಮೇಷ್ಟ್ರಾಗಿದ್ದವರು. ವಿವೇಕಾನಂದರನ್ನು ಅಮೆರಿಕಕ್ಕೆ ಕಳಿಸಲು ಮನೆಮನೆ ತಿರುಗಿ ಚಂದಾ ಎತ್ತಿದವರು. ಈ ಮೇಷ್ಟ್ರಿಗೆ ವಿವೇಕಾನಂದರು ಬರೆಯುತ್ತಾರೆ: ಎದೆ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಒಣಗಿತ್ತು, ಬೆಳಗಿನ ಹೊತ್ತು ಮಾತಾಡುವ ಧೈರ್ಯವೇ ಬರಲಿಲ್ಲ ಅಂತ. ಉಳಿದವರೆಲ್ಲ ತಯಾರು ಮಾಡಿದ ಭಾಷಣ ತಂದಿದ್ದರು, ಇವರ ಹತ್ತಿರ ಏನೂ ಇರಲಿಲ್ಲ. ಸರದಿಯನ್ನು ಮುಂದೂಡುತ್ತಾ ಮಧ್ಯಾಹ್ನದ ಮೇಲೆ ಎದ್ದು ಮಾತಾಡಿದರು. ಅಲ್ಲಿ ಸಿದ್ಧ ಭಾಷಣ ತಂದಿರದ ಒಬ್ಬರ ಮಾತನ್ನು ನಾವು ಸಿದ್ಧ ಭಾಷಣ ಮಾಡಿ ಮಕ್ಕಳಿಗೆ ಕುಡಿಸುತ್ತಿದ್ದೇವೆ. ಸ್ವಲ್ಪ ತಮಾಷೆಯಾಗಿದೆ ಅಲ್ವಾ?

ಅಕ್ಟೋಬರ್ 2ರ ಕಥೆ ಇನ್ನೂ ಚೆನ್ನಾಗಿದೆ. ಗಾಂಧೀಜಿ ಮಹಾ ಸಂಕೋಚದ ಮನುಷ್ಯ. ಆತ್ಮಕಥೆಯಲ್ಲಿ ಅವರೇ ಬಿಚ್ಚಿ ಬರೆದುಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ ಓದುವಾಗ ಸಸ್ಯಾಹಾರಿಗಳ ಒಂದು ಸಭೆಯಲ್ಲಿ ಮಾತಾಡಬೇಕಿತ್ತು. ಬರೆದುಕೊಂಡೇ ಹೋಗಿದ್ದರು, ಒಂದು ಹಾಳೆಯಷ್ಟೂ ಇರಲಿಲ್ಲ. ಎದ್ದು ನಿಂತರೆ ಕಣ್ಣು ಮಂಜಾಯಿತು, ಮೈ ನಡುಗಿತು. ಜೊತೆಯಲ್ಲಿದ್ದ ಗೆಳೆಯ ಓದಬೇಕಾಯಿತು. 1891ರಲ್ಲಿ ಊರಿಗೆ ಹೊರಡುವ ಮುಂಚೆ ಗೆಳೆಯರಿಗೆ ಊಟ ಕೊಟ್ಟರು. ಕೆಲವೇ ವಾಕ್ಯದ ತಮಾಷೆಯ ಭಾಷಣ ತಯಾರಿತ್ತು. ಮೊದಲ ವಾಕ್ಯದಾಚೆಗೆ ಹೋಗಲಿಲ್ಲ, ಬಂದದ್ದಕ್ಕೆ ಧನ್ಯವಾದ ಅಂತ ಹೇಳಿ ಕೂತರು. ಮುಂಬೈಯಲ್ಲಿ ಮೊದಲ ಕೇಸು. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನೆ ಮಾಡಲು ಎದ್ದರು, ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. 30 ರೂಪಾಯಿ ಫೀಸು ವಾಪಸ್ ಕೊಟ್ಟು ಕೋರ್ಟಿನಿಂದ ಹೊರಟೇಬಿಟ್ಟರು.

ನಮ್ಮ ಕ್ಲಸ್ಟರ್ ಮಟ್ಟದ, ಅಂದರೆ ಅಕ್ಕಪಕ್ಕದ ಶಾಲೆಗಳ ಸ್ಪರ್ಧೆಗೆ ಈ ಹುಡುಗ ಬಂದಿದ್ದರೆ ಸಮಾಧಾನಕರ ಬಹುಮಾನವೂ ಸಿಗುತ್ತಿರಲಿಲ್ಲ.

ಹಾಗಾದರೆ ಬಾಯಿ ಬಂದದ್ದು ಯಾವಾಗ? 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಮೇಲೆ, ಪ್ರಿಟೋರಿಯಾದಲ್ಲಿ. ಅಲ್ಲಿನ ಭಾರತೀಯ ವ್ಯಾಪಾರಿಗಳನ್ನು ಒಂದು ಮನೆಯಲ್ಲಿ ಸೇರಿಸಿ ಮಾತಾಡಿದರು. ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಅಂದರೆ ಅದೇ ಅಂತ ಅವರೇ ಹೇಳಿದ್ದಾರೆ. ವಿಷಯ, ವ್ಯಾಪಾರದಲ್ಲಿ ಸತ್ಯ. ವ್ಯಾಪಾರದಲ್ಲಿ ಸತ್ಯ ನಡೆಯುವುದಿಲ್ಲ ಅಂತ ನಂಬಿದ್ದ ವ್ಯಾಪಾರಿಗಳ ಎದುರಿಗೇ ಅದನ್ನು ಹೇಳಿದರು. ಪರದೇಶದಲ್ಲಿ ನಮ್ಮ ನಡತೆಯಿಂದ ಇಡೀ ದೇಶವನ್ನು ಅಳೆಯುತ್ತಾರೆ ಅಂದರು. ನಮ್ಮವರ ಮನೆ, ಬೀದಿಗಳ ಕೊಳಕಿನ ಮಾತೂ ಬಂತು. ಇಂಗ್ಲಿಷ್ ಕಲಿಯಬೇಕು ಅನ್ನುವವರಿಗೆ ತಾನೇ ಕಲಿಸುತ್ತೇನೆ ಅಂದರು. ಮೂವರು ಬಂದರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವನು.

ಲಂಡನ್ನಿನ ಗಾಂಧಿಗೂ ಪ್ರಿಟೋರಿಯಾದ ಗಾಂಧಿಗೂ ನಡುವೆ ಯಾರೂ ಹಾವಭಾವದ ಕ್ಲಾಸು ತೆಗೆದುಕೊಂಡಿರಲಿಲ್ಲ. ಹೇಳಲೇಬೇಕಾದ ಒಂದು ವಿಷಯ ಸಿಕ್ಕಿತ್ತು, ಅದು ಯಾರಿಗೆ ಬೇಕೋ ಅವರು ಎದುರಿಗೆ ಕೂತಿದ್ದರು. ನನಗೆ ಇಷ್ಟೇ ಕಾಣುವುದು.

ಇದಕ್ಕೆ ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕರಾವಳಿ, ಮಲೆನಾಡಿನ ಕಡೆಯವರು ಇಲ್ಲಿ ಇದ್ದೀರಿ, ನಿಮಗೆ ತಾಳಮದ್ದಳೆ ಗೊತ್ತು, ಯಕ್ಷಗಾನದ ಮಾತಿನ ರೂಪ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಪಂಚೆ ಶಾಲು ಹೊದ್ದ ಅರ್ಥಧಾರಿ ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾನೆ. ಪದ ಬರೆದದ್ದು, ಅರ್ಥ ಬರೆದದ್ದಲ್ಲ. ಎದುರಿನವನು ಏನು ಕೇಳುತ್ತಾನೋ ಅದಕ್ಕೆ ಅಲ್ಲೇ ಉತ್ತರ ಕೊಡಬೇಕು. ವಾಲಿ ಬಿದ್ದಿದ್ದಾನೆ, ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ರಾಮನನ್ನು ಕೇಳುತ್ತಾನೆ. ರಾಮನ ಪಾತ್ರದವನು "ಅದು ನನ್ನ ಭಾಷಣದಲ್ಲಿ ಇಲ್ಲ" ಅನ್ನುವ ಹಾಗಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ಶಂಕರನಾರಾಯಣ ಸಾಮಗರು ಇಂಥವರ ಅರ್ಥ ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದರು. ಅದೇ ಪ್ರಸಂಗ, ಅದೇ ಪದ, ಎಲ್ಲರಿಗೂ ಗೊತ್ತಿರುವ ಕಥೆ. ಇವತ್ತು ಈ ಪ್ರಶ್ನೆಗೆ ಇವರು ಏನು ಹೇಳುತ್ತಾರೆ ಅನ್ನುವುದಕ್ಕೆ ಜನ ಬರುತ್ತಿದ್ದರು.

ಆಶುಭಾಷಣ ಅಂತ ಒಂದು ಸ್ಪರ್ಧೆ ನಮ್ಮಲ್ಲೂ ಇದೆ, ಒಪ್ಪುತ್ತೇನೆ. ಚೀಟಿ ಎತ್ತಬೇಕು, ಸ್ವಲ್ಪ ಹೊತ್ತು ಯೋಚಿಸಬೇಕು, ಮಾತಾಡಬೇಕು. ಒಳ್ಳೆಯದೇ. ಆದರೆ ಚೀಟಿಯಲ್ಲಿ ಏನಿರುತ್ತದೆ? "ಸಮಯದ ಮಹತ್ವ", "ಮೊಬೈಲ್ ವರವೋ ಶಾಪವೋ", "ರಾಷ್ಟ್ರ ನಿರ್ಮಾಣದಲ್ಲಿ ವಿದ್ಯಾರ್ಥಿಗಳ ಪಾತ್ರ". ಬರುವ ವಿಷಯಗಳೇ ಇಷ್ಟು ಅಂತ ಗೊತ್ತಿರುವುದರಿಂದ ಅದಕ್ಕೂ ಉತ್ತರ ಬಾಯಿಪಾಠ. ಯಾವ ಚೀಟಿ ಬಂದರೂ ಒಂದೇ ಪೀಠಿಕೆ ಹೊಂದಿಸುವ ಜಾಣ ಮಕ್ಕಳನ್ನು ನೋಡಿದ್ದೇನೆ. ಅವರು ಮುಂದೆ ರಾಜಕೀಯಕ್ಕೆ ಹೋದರೆ ಯಶಸ್ಸು ಗ್ಯಾರಂಟಿ.

ಮಕ್ಕಳು ನಿಜವಾಗಿ ಮಾತಾಡುವುದನ್ನು ಕೇಳಬೇಕು ಅಂದರೆ ಮಕ್ಕಳ ಗ್ರಾಮಸಭೆಗೆ ಹೋಗಿ. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ನಡೆಸಬೇಕು ಅಂತ 2006ರಲ್ಲೇ ಸುತ್ತೋಲೆ ಬಂದಿದೆ. ಎಷ್ಟೋ ಕಡೆ ಫೋಟೋ ತೆಗೆದು, ಬಿಸ್ಕತ್ತು ಹಂಚಿ ಮುಗಿಸುತ್ತಾರೆ, ಅದು ಬೇರೆ ಮಾತು. ನಾನು ಹೋಗಿದ್ದ ಒಂದು ಸಭೆಯಲ್ಲಿ ಏಳನೆಯ ಕ್ಲಾಸಿನ ಹುಡುಗಿ ಎದ್ದಳು. ಗಣ್ಯಮಾನ್ಯರೇ ಗಿಣ್ಯಮಾನ್ಯರೇ ಏನಿಲ್ಲ.

"ನಮ್ ಸ್ಕೂಲಿನ ಹುಡುಗೀರ ಟಾಯ್ಲೆಟ್ಟಿಗೆ ಪೈಪ್ ಹಾಕಿದೀರ, ನೀರು ಬರಲ್ಲ. ಯಾವಾಗ ಬರುತ್ತೆ?"

ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕಾಮಗಾರಿ ಪ್ರಗತಿಯಲ್ಲಿದೆ ಅಂದರು.

"ಹೋದ ವರ್ಷಾನೂ ಹಾಗೇ ಅಂದ್ರಂತೆ, ನಮ್ಮಕ್ಕ ಹೇಳಿದ್ಲು. ಯಾವ ತಿಂಗಳು ಅಂತ ಹೇಳಿ."

ಪಿಡಿಒ ಪಕ್ಕದವರ ಕಡೆ ನೋಡಿದರು. ಪಕ್ಕದವರು ಫೈಲು ನೋಡಿದರು. ಹುಡುಗಿ ಕೂರಲಿಲ್ಲ. ಕಾಲು ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ದುಪಟ್ಟಾದ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಆದರೂ ಕೂರಲಿಲ್ಲ. ಕೊನೆಗೆ ಒಂದು ತಿಂಗಳ ಹೆಸರು ಬಂತು, ಅವಳ ಗೆಳತಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಧ್ವನಿ ಏರಿಳಿತಕ್ಕೆ, ಹಾವಭಾವಕ್ಕೆ ಅಂಕ ಕೊಡಿ ಅಂದರೆ ನಾನು ಎಷ್ಟು ಕೊಡಬೇಕು ಹೇಳಿ?

ಅಂಕದ ಮಾತು ಬಂತು, ಅದಕ್ಕೆ ಬರುತ್ತೇನೆ. ನಮ್ಮ ಕೈಗೆ ಕೊಡುವ ಹಾಳೆಯಲ್ಲಿ ಸಾಮಾನ್ಯವಾಗಿ ವಿಷಯ, ಭಾಷೆ, ನಿರೂಪಣೆ, ಹಾವಭಾವ, ಸಮಯಪಾಲನೆ ಅಂತ ಕಾಲಂ ಇರುತ್ತದೆ. ನನ್ನ ಬೇಡಿಕೆ ಒಂದೇ. ಇನ್ನೊಂದು ಕಾಲಂ ಸೇರಿಸಿ: ಉತ್ತರ. ಭಾಷಣ ಮುಗಿದ ಮೇಲೆ ತೀರ್ಪುಗಾರರು ಒಂದೇ ಒಂದು ಪ್ರಶ್ನೆ ಕೇಳಬೇಕು. ಮಗು ಹೇಳಿದ ಮಾತಿನಿಂದಲೇ ಎತ್ತಿದ ಪ್ರಶ್ನೆ. "ಪ್ಲಾಸ್ಟಿಕ್ ಬಳಸಬಾರದು ಅಂದೆಯಲ್ಲ, ನಿಮ್ಮ ಮನೆಗೆ ಹಾಲು ಯಾವುದರಲ್ಲಿ ಬರುತ್ತದೆ?" ಇಷ್ಟು ಸಾಕು. ಇದರ ಅಂಕ ಹಾವಭಾವದ ಅಂಕಕ್ಕಿಂತ ಜಾಸ್ತಿ ಇರಲಿ. ಬೇರೆಯವರು ಬರೆದುಕೊಟ್ಟ ಭಾಷಣದ ಉಪಯೋಗ ಅಲ್ಲಿಗೆ ಅರ್ಧ ಕಮ್ಮಿ ಆಗುತ್ತದೆ. ಬರೆದುಕೊಟ್ಟವರು ಉತ್ತರಕ್ಕೆ ಬರಲು ಆಗುವುದಿಲ್ಲವಲ್ಲ. ದುಡ್ಡು ಕೊಟ್ಟು ಕೋಚಿಂಗ್ ಕೊಡಿಸುವ ಶಾಲೆಗೂ, ಇಬ್ಬರೇ ಶಿಕ್ಷಕರಿರುವ ಶಾಲೆಗೂ ನಡುವಿನ ಅಂತರ ಕೂಡ ಸ್ವಲ್ಪ ಕಿರಿದಾಗುತ್ತದೆ.

ವಿಷಯವನ್ನು ಊರಿನಿಂದ ಎತ್ತಿ. ಶಾಲೆಯ ಊಟದಲ್ಲಿ ಮೊಟ್ಟೆಯೋ ಬಾಳೆಹಣ್ಣೋ? ನಮ್ಮೂರಿನ ಬಸ್ಸು ಶಾಲೆ ಬಿಡುವ ಹೊತ್ತಿಗೆ ಯಾಕಿಲ್ಲ? ಜಾತ್ರೆಯಲ್ಲಿ ಡಿಜೆ ಇರಬೇಕೋ ಬೇಡವೋ? ಕೆರೆ ಹೂಳೆತ್ತಿದ ಮಣ್ಣು ಯಾರಿಗೆ ಸೇರಬೇಕು? ಇದಕ್ಕೆ ಯೂಟ್ಯೂಬಿನಲ್ಲಿ ಭಾಷಣ ಸಿಗುವುದಿಲ್ಲ. ಮಗು ಅಜ್ಜನನ್ನು ಕೇಳಬೇಕು, ಕಂಡಕ್ಟರನ್ನು ಕೇಳಬೇಕು, ಅಡುಗೆಯವರನ್ನು ಕೇಳಬೇಕು. ಮಾತಾಡುವ ಮುಂಚೆ ನಾಲ್ಕು ಜನರ ಮಾತು ಕೇಳಿಸಿಕೊಂಡಿರುತ್ತದೆ.

ಇನ್ನು ಉಚ್ಚಾರಣೆ. ಇದು ಸ್ವಲ್ಪ ಜಗಳದ ವಿಷಯ, ಆದರೂ ಹೇಳುತ್ತೇನೆ. "ಹಾಲು" ಅನ್ನುವುದನ್ನು "ಆಲು" ಅಂದ ಅಂತ ಅಂಕ ಕಡಿಯುವವರು ನಮ್ಮಲ್ಲಿ ಇದ್ದಾರೆ. ಆ ಮಗುವಿನ ಮನೆಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಾರೆ. ಇನ್ನೊಂದು ಮಗುವಿನ ಮನೆಮಾತು ಲಂಬಾಣಿ, ಮತ್ತೊಂದರದು ಉರ್ದು, ತುಳು, ಕೊಂಕಣಿ. ಅವರೆಲ್ಲ ಕಲಿತ ಕನ್ನಡದಲ್ಲಿ ನಿಂತು ಮಾತಾಡುತ್ತಿದ್ದಾರೆ. ಸುದ್ದಿ ಓದುವ ಕೆಲಸಕ್ಕೆ ಆಯ್ಕೆ ಮಾಡುವುದಾದರೆ ಉಚ್ಚಾರ ನೋಡೋಣ. ಆರನೆಯ ಕ್ಲಾಸಿನ ಮಗು ಹೇಳುವುದು ಅರ್ಥವಾಗುತ್ತದೆಯೇ, ಅಷ್ಟು ನೋಡಿದರೆ ಸಾಕು. ಸರಿಯಾದ ಉಚ್ಚಾರಣೆ ಕಲಿಸಬೇಕು, ಖಂಡಿತ. ಕ್ಲಾಸಿನಲ್ಲಿ ಕಲಿಸಿ. ನೂರು ಜನರೆದುರು ನಿಂತಾಗ ಮುಂದಿನ ಸಾಲಿನ ದೊಡ್ಡವರು ಮುಸಿಮುಸಿ ನಗುವುದು ಕಲಿಸುವ ವಿಧಾನ ಅಲ್ಲ. ಒಮ್ಮೆ ಹಾಗೆ ನಗಿಸಿಕೊಂಡ ಮಗು ಆಮೇಲೆ ಹೆಸರು ಕೊಡುವುದಿಲ್ಲ.

ತೀರ್ಪುಗಾರರ ಬಗ್ಗೆಯೂ ಎರಡು ಮಾತು. ಎಲ್ಲರಿಗಿಂತ ಮೊದಲು ಮಾತಾಡುವ ಮಗುವಿಗೆ ನಾವು ಕೈ ಬಿಗಿಹಿಡಿದು ಅಂಕ ಕೊಡುತ್ತೇವೆ. ಮುಂದೆ ಇನ್ನೂ ಚೆನ್ನಾಗಿ ಮಾತಾಡುವವರು ಬರಬಹುದು ಅನ್ನುವ ಲೆಕ್ಕ. ಆ ಮಗು ಮಾಡಿದ ತಪ್ಪು ಚೀಟಿಯಲ್ಲಿ ಒಂದನೆಯ ನಂಬರ್ ಎತ್ತಿದ್ದು, ಅಷ್ಟೇ. ಮೊದಲ ಮೂವರು ಮುಗಿಯುವವರೆಗೆ ಅಂಕ ಬರೆಯಬೇಡಿ, ಬರೀ ಟಿಪ್ಪಣಿ ಮಾಡಿಕೊಳ್ಳಿ, ಆಮೇಲೆ ಮೂವರಿಗೂ ಒಟ್ಟಿಗೆ ಹಾಕಿ. ಊಟದ ನಂತರದ ಮಕ್ಕಳದು ಇನ್ನೊಂದು ಗೋಳು. ಹಾಲ್ ಖಾಲಿ, ತೀರ್ಪುಗಾರರ ಕಣ್ಣು ಅರ್ಧ ಮುಚ್ಚಿದೆ, ಒಬ್ಬರು ಫೋನಿನಲ್ಲಿದ್ದಾರೆ. ಆ ಮಗು ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಬಂದಿರುತ್ತದೆ, ಟೀಚರು ಸ್ವಂತ ದುಡ್ಡಿನಲ್ಲಿ ಇಡ್ಲಿ ಕೊಡಿಸಿರುತ್ತಾರೆ. ಫೋನ್ ಚೀಲದಲ್ಲಿಡಿ ಅಂತ ಸಂಘಟಕರು ಹೇಳಬೇಕು. ಮುಜುಗರ ಬೇಡ.

ಸ್ಪರ್ಧೆಯೇ ಬೇಡ ಅನ್ನುವವರೂ ಇದ್ದಾರೆ. ನಾನು ಆ ಪಂಗಡದವನಲ್ಲ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು ಹತ್ತುವಾಗ ಹಳ್ಳಿಯ ಮಗು ಮೊದಲ ಸಲ ತನ್ನ ಜಿಲ್ಲಾ ಕೇಂದ್ರ ನೋಡುತ್ತದೆ, ಬೇರೆ ಕಡೆಯ ಕನ್ನಡ ಕೇಳುತ್ತದೆ. ಅದು ಸಣ್ಣದಲ್ಲ. ಆದರೆ ಮೇಲಿನ ಹಂತಕ್ಕೆ ಹೋಗುವುದು ಗೆದ್ದ ಒಬ್ಬರೇ. ಉಳಿದವರು ಏನು ತೆಗೆದುಕೊಂಡು ಮನೆಗೆ ಹೋಗುತ್ತಾರೆ? ಭಾಗವಹಿಸಿದ ಪ್ರಮಾಣಪತ್ರದ ಹಿಂದೆ ತೀರ್ಪುಗಾರರು ಒಂದು ಸಾಲು ಬರೆಯಲಿ. "ಬೋರ್‌ವೆಲ್ ಕಥೆ ಚೆನ್ನಾಗಿತ್ತು, ಅದರಿಂದಲೇ ಶುರುಮಾಡು" ಅನ್ನುವಂಥದ್ದು. ಸುಮ್ನೆ "ಉತ್ತಮ ಪ್ರಯತ್ನ" ಅಂತ ಬರೆಯಬೇಡಿ.

ಶಾಲೆಯಲ್ಲಿ ದಿನಾ ಮಾಡಬಹುದಾದದ್ದು ಒಂದಿದೆ. ಬೆಳಗಿನ ಪ್ರಾರ್ಥನೆಯಲ್ಲಿ ಒಂದು ಮಗು ಪೇಪರ್ ಓದುತ್ತದೆ. ಓದಿ ಮುಗಿಸಿದ ಮೇಲೆ ಪೇಪರ್ ಮಡಚಿಡಲು ಹೇಳಿ. "ಇದರಲ್ಲಿ ನಿನಗೆ ಅರ್ಥ ಆಗದೇ ಇದ್ದದ್ದು ಯಾವುದು?" ಅಂತ ಕೇಳಿ. ಎರಡು ನಿಮಿಷ ಹಿಡಿಯುತ್ತದೆ. ಮೊದಮೊದಲು ಎಲ್ಲ ಅರ್ಥ ಆಯ್ತು ಅನ್ನುತ್ತಾರೆ. ಒಂದು ವಾರ ಬಿಟ್ಟು ನೋಡಿ, ರೆಪೋ ದರ ಅಂದರೇನು ಅಂತ ಕೇಳುತ್ತಾರೆ. ಆಗ ತಯಾರಿ ಬೇಕಾಗುವುದು ನಮಗೆ!

ಇಷ್ಟಾದ ಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಮೇಡಂ ಕೇಳಿದರು: ಪ್ರಶ್ನೆ ಕೇಳಿದಾಗ ಮಗು ಹೆದರಿ ಅತ್ತುಬಿಟ್ಟರೆ? ಬರುವ ಮಕ್ಕಳೂ ಬರುವುದಿಲ್ಲ ಅಲ್ವಾ?

ಕೆಲವರು ಅಳಬಹುದು. ಈಗಲೂ ಸಾಲು ಮರೆತಾಗ ಅಳುತ್ತಾರೆ. ಪ್ರಶ್ನೆ ಕೇಳುವವರು ಮಗುವಿನ ಹತ್ತಿರ ಬಂದು, ನಿಧಾನವಾಗಿ, ಅದರ ಕಡೆಯ ಕನ್ನಡದಲ್ಲೇ ಕೇಳಲಿ. "ಗೊತ್ತಿಲ್ಲ" ಅನ್ನುವುದೂ ಉತ್ತರ, ಅದಕ್ಕೂ ಒಂದಷ್ಟು ಅಂಕ ಇಡಿ. "ಗೊತ್ತಿಲ್ಲ, ಆದರೆ ನನಗೆ ಹೀಗನಿಸುತ್ತದೆ" ಅಂದರೆ ಪೂರ್ತಿ ಕೊಡಿ. ಸಣ್ಣ ಕ್ಲಾಸಿನವರಿಗೆ ಪ್ರಶ್ನೆ ಬೇಡ, ಅವರಿಗೆ ಕಥೆ ಹೇಳುವುದೇ ಸಾಕು. ಐದನೆಯ ಕ್ಲಾಸಿನಿಂದ ಶುರುಮಾಡಿ.

ಇನ್ನೊಬ್ಬರು: ಸುತ್ತೋಲೆಯಲ್ಲಿ ಇಲ್ಲದ ಕಾಲಂ ನಾವು ಹೇಗೆ ಸೇರಿಸುವುದು ಸರ್? ನಾಳೆ ಯಾರಾದರೂ ದೂರು ಕೊಟ್ಟರೆ?

ತಾಲ್ಲೂಕು ಮಟ್ಟದಲ್ಲಿ ಸೇರಿಸಿ ಅಂತ ನಾನು ಹೇಳುತ್ತಿಲ್ಲ, ಅಲ್ಲಿ ಇಲಾಖೆಯ ನಿಯಮದಂತೆಯೇ ನಡೆಯಲಿ. ನಿಮ್ಮ ಶಾಲೆಯಿಂದ ಯಾರನ್ನು ಕಳಿಸಬೇಕು ಅಂತ ತೀರ್ಮಾನ ಮಾಡುವುದು ನೀವೇ ಅಲ್ಲವೇ? ಅಲ್ಲಿ ಮಾಡಿ. ಗಾಂಧಿ ಜಯಂತಿಗೆ, ಮಕ್ಕಳ ದಿನಾಚರಣೆಗೆ ನೀವೇ ಇಡುವ ಸ್ಪರ್ಧೆಯಲ್ಲಿ ಮಾಡಿ. ಅಲ್ಲಿ ಅಂಕದ ಹಾಳೆ ನಿಮ್ಮದೇ. ಊರಿನ ವಿಷಯಗಳ ಒಂದು ಪಟ್ಟಿ ಬರೆದು ತಂದಿದ್ದೇನೆ, ಹಿಂದಿನ ಟೇಬಲ್ ಮೇಲಿದೆ. ಬೇಕಾದವರು ಫೋಟೋ ಹೊಡೆದುಕೊಳ್ಳಿ. ನಿಮ್ಮೂರಿಗೆ ಹೊಂದದ್ದನ್ನು ಹೊಡೆದುಹಾಕಿ, ಹೊಸದು ಸೇರಿಸಿ. ಪಟ್ಟಿಯನ್ನು ಮಾತ್ರ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಮುಂದಿನ ವಾರದ ಹೊತ್ತಿಗೆ ಅದಕ್ಕೂ ಭಾಷಣ ರೆಡಿ ಇರುತ್ತದೆ.